ಪಟ್ಟೆ ಅಂಗಿ, ಚೌಕಳಿ ಪ್ಯಾಂಟು

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡದ ಹುಡುಗ ಇರಲಿಕ್ಕಿಲ್ಲ. ಉಣ್ಣುವುದು ನಿನ್ನ ನಾಲಿಗೆಗೆ ಒಪ್ಪುವಂತಿರಲಿ, ಉಡುವುದು ಮಂದಿಯ ಕಣ್ಣಿಗೆ ಒಪ್ಪುವಂತಿರಲಿ ಎಂದು ಅದರ ಅರ್ಥ. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ನನ್ನ ಅಂಗಿ ನನಗೆ ಕಾಣುವುದು ಕನ್ನಡಿಯ ಮುಂದೆ ನಿಂತ ಎರಡು ನಿಮಿಷ ಮಾತ್ರ. ಉಳಿದ ಇಡೀ ದಿನ ಅದನ್ನು ನೋಡಬೇಕಾದವರು ಬೇರೆಯವರು. ಅವರ ಮೇಲೆ ಅಷ್ಟು ಕರುಣೆ ಇರಬೇಡವೇ?

ಆದರೆ ಈ ಗಾದೆಯ ‘ಪರರು’ ಯಾರು ಎಂದು ಊರಲ್ಲಿ ಇರುವವರೆಗೂ ನಾವು ಕೇಳುವುದಿಲ್ಲ. ಊರಲ್ಲಿ ಪರರೂ ನಮ್ಮವರೇ. ಇಂಥವರ ಮಗ, ಇಂಥ ಓಣಿಯವನು ಎಂಬುದು ಅಂಗಿಗಿಂತ ಮೊದಲೇ ಅವರ ಕಣ್ಣಿಗೆ ಬಿದ್ದಿರುತ್ತದೆ. ಊರು ಬಿಟ್ಟ ಮೇಲೆ ಹಾಗಲ್ಲ. ಹೊಸ ಊರಲ್ಲಿ ಹೆಸರಿಗಿಂತ, ಭಾಷೆಗಿಂತ ಮೊದಲು ನಮ್ಮ ಬಟ್ಟೆಯೇ ಮಾತಾಡಿಬಿಡುತ್ತದೆ. ಆಗ ಪರರು ನಿಜಕ್ಕೂ ಪರರಾಗುತ್ತಾರೆ. ಗಾದೆಯೂ ಸ್ವಲ್ಪ ಬಿಗಿಯುತ್ತದೆ.

ನಾನು ಈ ಬಿಗಿತವನ್ನು ಕಂಡದ್ದು ಮಹಾರಾಷ್ಟ್ರದ ಚಾಂದವಡದಲ್ಲಿ. ನಾಸಿಕದಿಂದ ಮುಂಬೈ–ಆಗ್ರಾ ಹೆದ್ದಾರಿ ಹಿಡಿದು ಧುಳೆಯ ಕಡೆ 60-65 ಕಿಲೋಮೀಟರ್ ಹೋದರೆ ಸಾತಮಾಳ ಬೆಟ್ಟಸಾಲಿನ ಬುಡದಲ್ಲಿ ಸಿಗುವ ತಾಲ್ಲೂಕು ಊರು ಇದು. 2004ರಲ್ಲಿ ಬ್ಯಾಂಕಿನ ಕೃಷಿಸಾಲದ ಕೆಲಸಕ್ಕೆಂದು ನನ್ನನ್ನು ಅಲ್ಲಿಗೆ ಹಾಕಿದರು. ಅಹಲ್ಯಾಬಾಯಿ ಹೋಳ್ಕರರ ಹೆಸರಿನ ರಂಗಮಹಾಲು, ರೇಣುಕಾದೇವಿಯ ಗುಡಿ, ಇವೆರಡು ಬಿಟ್ಟರೆ ಊರಿಗೆ ಊರೇ ಈರುಳ್ಳಿ. ಬಟ್ಟೆಗೂ ಚಾಂದವಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ಊರಲ್ಲಿ ಹೆಸರಾದ ಮಗ್ಗವಿಲ್ಲ, ನಿಜ. ಆದರೆ ಸುತ್ತ ನೋಡಿ: ಅದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ವಿದ್ಯುತ್ ಮಗ್ಗಗಳ ಮಾಲೆಗಾಂವ, ಪೂರ್ವಕ್ಕೆ ಮನ್ಮಾಡ ದಾಟಿದರೆ ಪೈಠಣಿ ಸೀರೆಯ ಯೇವಲೆ, ಅಲ್ಲಿಂದಾಚೆ ಹಿಮ್ರೂ ಬಟ್ಟೆಯ ಔರಂಗಾಬಾದು. ಆ ಊರಿಗೆ 2023ರಿಂದ ಛತ್ರಪತಿ ಸಂಭಾಜಿನಗರ ಎಂದು ಹೆಸರು. ನೇಯುವವರ ನಡುವೆ, ನೇಯದೆ ಬರೀ ಉಡುವ ಊರು ನಮ್ಮದಾಗಿತ್ತು.

ಮಾರುಕಟ್ಟೆಗೆ ಹೋಗಿ ನಿಂತರೆ ಆ ಉಡುಗೆಯ ಪರಿಯೆಲ್ಲ ಕಾಣುತ್ತಿತ್ತು. ಸಾಲಾಗಿ ನಿಂತ ಟ್ರ್ಯಾಕ್ಟರುಗಳು, ಅವುಗಳ ನಡುವೆ ಹರಾಜು ಕೂಗುತ್ತ ನಡೆಯುವ ಗುಂಪು. ವ್ಯಾಪಾರಿಯದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪೈಜಾಮ. ರೈತರಲ್ಲಿ ಹಿರಿಯರದು ಧೋತರ, ಗಾಂಧಿಟೋಪಿ. ನಡುವಯಸ್ಸಿನವರದು ಮಾತ್ರ ಯಾವ ಲೆಕ್ಕಕ್ಕೂ ಸಿಗದ ವೇಷ: ದಪ್ಪ ಪಟ್ಟೆಯ ಅಂಗಿ, ಕೆಳಗೆ ಚೌಕಳಿ ಪ್ಯಾಂಟು, ಹೆಗಲ ಮೇಲೆ ಇನ್ನೊಂದು ಥರದ ಚೌಕಳಿ ಟವೆಲು, ಚಳಿಗಾಲವಾದರೆ ಮೇಲೊಂದು ಹೂಬಳ್ಳಿಯ ಸ್ವೆಟರು. ಹೊಲದಲ್ಲಿ ಈರುಳ್ಳಿ ಕೀಳುವ ಹೆಣ್ಣುಮಕ್ಕಳಂತೂ ಹೂವಿನ ಸೀರೆಯ ಮೇಲೆ ಮನೆಯ ಗಂಡಸರ ಪಟ್ಟೆ ಅಂಗಿ ತೊಟ್ಟಿರುತ್ತಾರೆ, ಬಿಸಿಲಿಗೆ ತೋಳು ಸುಡಬಾರದು ಎಂದು. ನಮ್ಮ ಬಾಗಲಕೋಟೆ ಕಡೆಯ ಹೊಲಗಳಲ್ಲಿಯೂ ಇದೇ ಪದ್ಧತಿ.

ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಅವರು ಕೆಟ್ಟವರೇನಲ್ಲ. ನನಗೆ ಮನೆ ಹುಡುಕಿಕೊಟ್ಟವರು, ಮೊದಲ ದೀಪಾವಳಿಗೆ ಮನೆಗೆ ಕರೆದು ಚಿವಡಾ, ಕರಂಜಿ ಕೊಟ್ಟವರು. ಕರ್ನಾಟಕದವನಾದ ನನಗೆ ‘ಅಣ್ಣಾ’ ಎಂದೇ ಅವರು ಹೆಸರಿಟ್ಟಿದ್ದರು. ಮಹಾರಾಷ್ಟ್ರದಲ್ಲಿ ದಕ್ಷಿಣದವರಿಗೆಲ್ಲ ಇದೊಂದೇ ಹೆಸರು, ತಮ್ಮನಾದರೂ ಅಣ್ಣನೇ. ಅವರು ಕೌಂಟರಿನ ಆಚೆ ನಿಂತವರನ್ನು ನೋಡಿ ಮೆಲ್ಲಗೆ ಹೇಳುತ್ತಿದ್ದರು: “ಅಣ್ಣಾ, ಅಂಗಿಗೂ ಪ್ಯಾಂಟಿಗೂ ತಾಳೆ ಇಲ್ಲದವನ ಲೆಕ್ಕ ತಾಳೆಯಾಗುತ್ತದೇನು?”

ನಗುವಂತೆ ಹೇಳುತ್ತಿದ್ದರು, ಕೇಳಿದವರೂ ನಗುತ್ತಿದ್ದರು. ಆದರೆ ಈ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ಈ ಎರಡು ಬಟ್ಟೆ ಕಣ್ಣಿಗೆ ಹೊಂದುವುದಿಲ್ಲ ಎಂಬುದು. ಇನ್ನೊಂದು, ಹೊಂದದ ಬಟ್ಟೆ ತೊಟ್ಟವನ ನಡತೆಯೂ ಹೊಂದಿಕೆಯದಲ್ಲ ಎಂಬುದು. ಮೊದಲನೆಯದರಿಂದ ಎರಡನೆಯದಕ್ಕೆ ನಾವು ಜಾರುವುದು ಎಷ್ಟು ಸಲೀಸು ಎಂದರೆ, ಜಾರಿದ್ದೇ ತಿಳಿಯುವುದಿಲ್ಲ.

ಮೊದಲನೆಯದನ್ನೇ ತೆಗೆದುಕೊಳ್ಳಿ. ಪಟ್ಟೆಗೂ ಚೌಕಳಿಗೂ ಹುಟ್ಟಿನಿಂದಲೇ ಹಗೆತನ ಇದೆಯೇನು? ಇಳಕಲ್ ಸೀರೆ ಉಟ್ಟು ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟ ನಮ್ಮ ಕಡೆಯ ಹೆಣ್ಣುಮಗಳನ್ನು ನೆನಸಿಕೊಳ್ಳಿ. ಸೀರೆಯ ಒಡಲಲ್ಲಿ ಸಣ್ಣ ಚೌಕಳಿ ಇರಬಹುದು. ದಡಿಯಲ್ಲಿ ಗೋಮಿಯೋ ಚಿಕ್ಕಿ ಪರಾಸವೋ ಇರುತ್ತದೆ. ಸೆರಗಿನಲ್ಲಿ ಕೆಂಪು-ಬಿಳಿಯ ತೆನಿ. ಕುಪ್ಪಸದಲ್ಲಿ ತೇರು, ಆನೆಹೆಜ್ಜೆಯಂಥ ಬುಟ್ಟಿ. ಕೆಲವೊಮ್ಮೆ ಇದೆಲ್ಲದರ ಮೇಲೆ ಕಸೂತಿ. ನಾಲ್ಕೈದು ವಿನ್ಯಾಸ ಒಂದೇ ಮೈಮೇಲೆ! ಯಾರಾದರೂ ‘ತಾಳೆ ಇಲ್ಲ’ ಅಂದದ್ದುಂಟೇ? ಅಂದಿಲ್ಲ. ಏಕೆಂದರೆ ಅಲ್ಲಿ ಲೆಕ್ಕ ಇದೆ. ಒಡಲಿನ ಗೆರೆ ಸಣ್ಣದಿದ್ದರೆ ದಡಿ ಅಗಲ, ಸೆರಗು ದಪ್ಪನಾದರೆ ಖಣದ ಬುಟ್ಟಿ ಸಣ್ಣದು. ಒಂದು ಬಣ್ಣ ಮಾತ್ರ ಎಲ್ಲದರಲ್ಲಿಯೂ ಎಲ್ಲೋ ಒಂದು ಎಳೆಯಾಗಿ ಹಾದುಹೋಗಿರುತ್ತದೆ. ಒಂದೇ ಅಳತೆಯ ಎರಡು ವಿನ್ಯಾಸ ಅಕ್ಕಪಕ್ಕ ಬಂದರೆ ಜಗಳ; ಅಳತೆ ಬೇರೆಯಾದರೆ ಸಂಸಾರ.

ಲಂಡನ್ನಿನ ದರ್ಜಿಗಳು ಗಂಡಸರ ಸೂಟಿಗೆ ಹೇಳುವ ಸೂತ್ರವೂ ಇದೇ. ಕೋಟಿನ ಚೌಕಳಿ ದೊಡ್ಡದಿದ್ದರೆ ಅಂಗಿಯ ಪಟ್ಟೆ ಸಣ್ಣದಿರಲಿ, ಟೈಯಲ್ಲಿ ಎರಡರದ್ದೂ ಬಣ್ಣ ಸ್ವಲ್ಪ ಇರಲಿ. ಹೀಗೆ ಬೆರೆಸಿ ತೊಡುವುದಕ್ಕೆ ಜಗತ್ಪ್ರಸಿದ್ಧನಾದವನು 1936ರಲ್ಲಿ ಬ್ರಿಟನ್ನಿನ ಸಿಂಹಾಸನ ಬಿಟ್ಟ ಎಂಟನೆಯ ಎಡ್ವರ್ಡ್, ಆಮೇಲಿನ ಡ್ಯೂಕ್ ಆಫ್ ವಿಂಡ್ಸರ್. ಚೌಕಳಿ ಸೂಟು, ಪಟ್ಟೆ ಅಂಗಿ, ಚುಕ್ಕಿಯ ಟೈ, ಎಲ್ಲ ಒಟ್ಟಿಗೆ. ತನ್ನ ಮನೆತನದ ಉಡುಪಿನ ಬಗ್ಗೆ 1960ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅವನ ಫೋಟೋ ಇಟ್ಟುಕೊಂಡು ಇಂದಿಗೂ ಉಡುಪಿನ ಪಂಡಿತರು ಪಾಠ ಹೇಳುತ್ತಾರೆ.

ಚಾಂದವಡದ ಟ್ರ್ಯಾಕ್ಟರ್ ಪಕ್ಕ ನಿಂತ ಮನುಷ್ಯನೂ ಅದನ್ನೇ ತೊಟ್ಟಿದ್ದ. ಅವನಿಗೆ ಯಾರೂ ಪಂಡಿತರು ಸಿಗಲಿಲ್ಲ, ಅಷ್ಟೇ.

ಅಳತೆ-ಬಣ್ಣದ ಲೆಕ್ಕ ಡ್ಯೂಕನಿಗೆ ಗೊತ್ತಿತ್ತು, ರೈತನಿಗೆ ಗೊತ್ತಿರಲಿಲ್ಲ ಎಂದು ವಾದಿಸಬಹುದು. ಒಪ್ಪಿದೆ, ಕೆಲವು ಸಲ ಹಾಗೂ ಇದ್ದೀತು. ಆದರೆ ನನ್ನ ಸಹೋದ್ಯೋಗಿ ಅಳತೆ ಪಟ್ಟಿ ಹಿಡಿದು ನೋಡುತ್ತಿರಲಿಲ್ಲ. ಅವರ ಕಣ್ಣು ನೋಡುತ್ತಿದ್ದದ್ದು ಬೇರೆಯದೇ: ಈ ಬಟ್ಟೆಯನ್ನು ಇವನು ಆರಿಸಿಕೊಂಡನೋ, ಸಿಕ್ಕಿದ್ದನ್ನು ಹಾಕಿಕೊಂಡನೋ? ಆರಿಸಿದವನ ಬೆರಕೆ ಶೋಕಿ. ಸಿಕ್ಕಿದ್ದನ್ನು ತೊಟ್ಟವನ ಬೆರಕೆ ಗತಿಗೇಡು. ಬಟ್ಟೆ ಎರಡೂ ಕಡೆ ಅವೇ.

ಗಂಡಸರಿಗೆ ಈ ಸಂಕೋಚ ಯಾವಾಗ ಬಂತು ಎಂದು ಯೋಚಿಸಿದ್ದೇನೆ. ಹಿಂದೆ ಇರಲಿಲ್ಲ. ನಮ್ಮ ದಖನ್ನಿನ, ಮೊಗಲರ ಕಾಲದ ಚಿತ್ರಗಳಲ್ಲಿ ದೊರೆಗಳು, ಸರದಾರರು ಹೂಬುಟ್ಟಿಯ ಜಾಮಾ, ಪಟ್ಟೆಯ ಇಜಾರ, ಬೇರೆಯೇ ಕುಸುರಿಯ ಸೊಂಟಪಟ್ಟಿ ತೊಟ್ಟು ನಿಂತಿರುತ್ತಾರೆ. ಔರಂಗಾಬಾದಿನ ಹಿಮ್ರೂ ಹೂಬಳ್ಳಿ ಗಂಡಸರ ಶೇರ್ವಾನಿಗೂ ಬೇಕಾಗಿತ್ತು. ಯುರೋಪಿನ ಗಂಡಸರು ಹದಿನೆಂಟನೆಯ ಶತಮಾನದ ಕೊನೆಗೆ ಬಣ್ಣ, ಅಲಂಕಾರವನ್ನೆಲ್ಲ ಹೆಂಗಸರಿಗೆ ಬಿಟ್ಟುಕೊಟ್ಟು ತಾವು ಕಪ್ಪು ಕೋಟಿಗೆ ಇಳಿದರು. ಇದನ್ನು ಫ್ಲೂಗೆಲ್ ಎಂಬ ಮನಶ್ಶಾಸ್ತ್ರಜ್ಞ 1930ರಲ್ಲಿ ‘ಗಂಡಸಿನ ಮಹಾತ್ಯಾಗ’ ಎಂದು ಕರೆದ. ಆ ತ್ಯಾಗ ಕಚೇರಿಯ ಕೋಟಿನೊಳಗೆ ಕೂತು ನಮ್ಮಲ್ಲಿಗೂ ಬಂತು. ನಮ್ಮದೇ ಇನ್ನೊಂದು ತ್ಯಾಗ ಬಿಳಿ ಖಾದಿಯದು. ಎರಡೂ ಸೇರಿ, ಮರ್ಯಾದಸ್ಥ ಗಂಡಸು ಎಂದರೆ ಒಂದೇ ಬಣ್ಣ, ಆದರೆ ಬಿಳಿ, ಎಂದಾಯಿತು. ರಂಗಮಹಾಲಿನಲ್ಲಿ ಓಡಾಡುವಾಗ ನನಗೆ ಅಹಲ್ಯಾಬಾಯಿಯ ಪರಿಚಿತ ಚಿತ್ರ ನೆನಪಾಗುತ್ತಿತ್ತು: ಮಹೇಶ್ವರದಲ್ಲಿ ನೇಕಾರರನ್ನು ನೆಲೆಗೊಳಿಸಿ ಪಟ್ಟೆ, ಚೌಕಳಿ ಸೀರೆಗಳಿಗೆ ಹೆಸರು ತಂದ ರಾಣಿ, ತಾನು ಮಾತ್ರ ಬಿಳಿ ಸೀರೆಯಲ್ಲಿ ಶಿವಲಿಂಗ ಹಿಡಿದು ಕೂತವಳು. ಆಕೆಯ ಬಿಳಿ ವೈಧವ್ಯದ ಬಿಳಿ; ವ್ಯಾಪಾರಿಯ ಬಿಳಿ ಬೇರೆ. ನಿತ್ಯ ಬಿಳಿ ಉಡಬೇಕಾದರೆ ಮಣ್ಣು ಮುಟ್ಟದ ಕೆಲಸವಿರಬೇಕು, ಒಗೆಯುವವರೂ ಇರಬೇಕು.

ಈಗ ಸಾಲದ ವಿಷಯ. ನಮ್ಮ ಅರ್ಜಿಯಲ್ಲಿ ಬಟ್ಟೆಗೆ ಕಾಲಂ ಇರಲಿಲ್ಲ. ಜಮೀನಿನ ಉತಾರಾ (ಅಂದರೆ ನಮ್ಮ ಪಹಣಿ, ಅಲ್ಲಿ ‘ಸಾತ್-ಬಾರಾ’ ಎನ್ನುತ್ತಾರೆ), ಹಿಂದಿನ ಬಾಕಿ, ನೀರಿನ ಅನುಕೂಲ, ಇಷ್ಟೇ. ಒಂದು ದಿನ ಐವತ್ತೈದರ ಆಸುಪಾಸಿನ ರೈತರೊಬ್ಬರು ‘ಕಾಂದಾ ಚಾಳ’ ಕಟ್ಟಲು ಸಾಲ ಕೇಳಿಕೊಂಡು ಬಂದರು. ಬೇಸಿಗೆಯ ಈರುಳ್ಳಿಯನ್ನು ದರ ಬರುವ ತನಕ ಕಾಪಾಡುವ, ಗಾಳಿಯಾಡುವಂತೆ ಕಟ್ಟಿದ ಉದ್ದನೆಯ ಕೊಟ್ಟಿಗೆ ಅದು. ಅದಿಲ್ಲದವನು ಕಿತ್ತ ವಾರವೇ ಸಿಕ್ಕ ದರಕ್ಕೆ ಮಾರಬೇಕು. ಅಂದರೆ ಶೋಕಿಯ ಸಾಲವಲ್ಲ, ವರ್ಷದ ಗಳಿಕೆಯ ಪ್ರಶ್ನೆ. ಅವರ ಮೈಮೇಲೆ ನೀಲಿ ಪಟ್ಟೆಯ ಅಂಗಿ, ಕಂದು ಚೌಕಳಿಯ ಪ್ಯಾಂಟು. ಸಹೋದ್ಯೋಗಿ ಅವರನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಕಾಗದಗಳನ್ನು ತಿರುವಿ ಹಾಕಿ, ಮುಂದಿನ ವಾರ ಬನ್ನಿ ಎಂದು ಕಳಿಸಿದರು. ಕೂರಲು ಹೇಳಲಿಲ್ಲ.

ಸ್ಥಳ ತನಿಖೆಗೆ ನಾನು ಅವರ ಹೊಲಕ್ಕೆ ಹೋದೆ. ಚಹಾ ಕುಡಿಯುತ್ತ ಅದೂ ಇದೂ ಮಾತಾಡುವಾಗ ಅಂಗಿಯ ಮಾತು ತಾನಾಗಿಯೇ ಬಂತು. ಅಂದೂ ಅವರು ಅದನ್ನೇ ತೊಟ್ಟಿದ್ದರು. ಅಂಗಿಯ ಬಟ್ಟೆ ಅಕ್ಕನ ಮಗಳ ಮದುವೆಯಲ್ಲಿ ಬಂದ ಆಹೇರಂತೆ. ಪ್ಯಾಂಟಿನದು ಹೆಂಡತಿಯ ತವರಿನ ಗೃಹಪ್ರವೇಶದ್ದು. ಹೆಗಲ ಟವೆಲು ಯಾರದೋ ಹನ್ನೆರಡನೆಯ ದಿನದ್ದು. ನಮ್ಮ ಉತ್ತರ ಕರ್ನಾಟಕದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ನಮ್ಮಲ್ಲಿಯೂ ಇದು ‘ಆಯೇರಿ’. ಕೊಡುವವರು ಅಂಗಡಿಯಲ್ಲಿ ಕಟ್ಟುಗಟ್ಟಲೆ ಅರಿವೆ ತಂದು ಮಾನಕ್ಕೆ ತಕ್ಕಂತೆ ಹಂಚುತ್ತಾರೆ. ಅಂಗಿ ಒಬ್ಬರ ಮನೆಯದು, ಪ್ಯಾಂಟು ಇನ್ನೊಬ್ಬರ ಮನೆಯದು. ಕೊಟ್ಟ ಇಬ್ಬರೂ ಒಬ್ಬರನ್ನೊಬ್ಬರು ಕೇಳಿ ತಂದಿರುವುದಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆಯುವುದೂ ಇಲ್ಲ.

ಅಂದ ಮೇಲೆ, ತಾಳೆಯಾದ ಬಟ್ಟೆ ಏನು ಹೇಳುತ್ತದೆ? ಇವನು ಒಬ್ಬನೇ ಅಂಗಡಿಗೆ ಹೋಗಿ, ತನ್ನ ದುಡ್ಡಿನಿಂದ, ಎರಡನ್ನೂ ಒಂದೇ ದಿನ ಕೊಂಡ ಎಂದು. ತಾಳೆಯಾಗದ ಬಟ್ಟೆ? ಇವನಿಗೆ ಅಕ್ಕನ ಮಗಳಿದ್ದಾಳೆ, ಹೆಂಡತಿಯ ತವರಿದೆ, ಸತ್ತಾಗ ಹೋಗಿ ಅತ್ತು ಬಂದ ಮನೆಯೊಂದಿದೆ ಎಂದು. ಸಾಲ ಕೊಡುವವನು ಬಟ್ಟೆಯನ್ನೇ ಓದಬೇಕೆಂದಿದ್ದರೆ, ಎರಡನೆಯದನ್ನೂ ಓದಲು ಕಲಿಯಬೇಕಾಗುತ್ತದೆ. ಓದದೆ ಇರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಮುಂದಿನ ವಾರ ಅವರು ಬಂದರು. ಅಚ್ಚ ಬಿಳಿಯ ಅಂಗಿ, ಬಿಳಿ ಪೈಜಾಮ. ಭುಜದ ಹೊಲಿಗೆ ತೋಳಿನ ಮೇಲಕ್ಕೆ ಇಳಿದಿತ್ತು. ಬೇರೆ ಯಾರದೋ ದೊಡ್ಡ ಮೈಯವರದು ಎಂದು ಎದ್ದು ಕಾಣುತ್ತಿತ್ತು. ಸಹೋದ್ಯೋಗಿ “ಬಸಾ, ಬಸಾ” ಎಂದು ಕುರ್ಚಿ ತೋರಿಸಿದರು, ಚಹಾ ತರಿಸಿದರು. ರೈತರು ನನ್ನ ಕಡೆ ಬಾಗಿ ಮೆಲುದನಿಯಲ್ಲಿ ಕೇಳಿದರು: “ಆತಾ ಬರಂ ದಿಸ್ತಂಯ್ ನಾ, ಸಾಹೇಬ?” ಈಗ ಚೆನ್ನಾಗಿ ಕಾಣುತ್ತದಲ್ಲವೇ?

ಹೌದು ಎಂದರೆ ಹೋದ ವಾರದ ಅಂಗಿ ಕೆಟ್ಟದ್ದಾಗುತ್ತದೆ. ಇಲ್ಲ ಎಂದರೆ ಎರವಲು ತಂದು ಅಷ್ಟು ದೂರ ಬಂದವರ ಮುಖ ಬಾಡುತ್ತದೆ. ನಾನು “ಉತಾರಾ ತಂದಿದ್ದೀರಾ, ಕಾಕಾ?” ಎಂದು ಕೇಳಿ ಕೈ ಚಾಚಿದೆ.

ಸಾಲ ಮಂಜೂರಾಯಿತು. ಆಗಲೇಬೇಕಿತ್ತು: ಉತಾರಾ ಸರಿಯಿತ್ತು, ಬಾಕಿ ಇರಲಿಲ್ಲ, ಬಾವಿಯಲ್ಲಿ ನೀರಿತ್ತು. ಆದರೆ ಸಹೋದ್ಯೋಗಿ ಅದು ತಮ್ಮ ಕಣ್ಣಿನ ಪರೀಕ್ಷೆಯಲ್ಲಿ ಪಾಸಾದದ್ದು ಎಂದುಕೊಂಡರು. ಅದಕ್ಕಿಂತ ಕೆಟ್ಟದ್ದೆಂದರೆ, ರೈತರೂ ಹಾಗೆಯೇ ತಿಳಿದರು. ಮುಂದೆ ಅವರ ಹಳ್ಳಿಯಿಂದ ಸಾಲಕ್ಕೆ ಬಂದವರಲ್ಲಿ ಮೂರು ಮಂದಿ ಬಿಳಿ ಉಟ್ಟು ಬಂದರು. ಒಬ್ಬರ ಮೈಮೇಲಿದ್ದದ್ದು ಅದೇ ದೊಡ್ಡ ಭುಜದ ಅಂಗಿ ಎಂದು ನನಗೆ ಈಗಲೂ ಸಂಶಯ.

ಹಾಗಾದರೆ ಬಡವನು ಪಟ್ಟೆ-ಚೌಕಳಿಯಲ್ಲೇ ಹೆಮ್ಮೆಪಡಲಿ, ಪರರ ಕಣ್ಣನ್ನು ಲೆಕ್ಕಿಸದಿರಲಿ ಎಂದು ಹೇಳೋಣವೇ? ಹೇಳಲು ಚೆಂದ. ಆದರೆ ಚಾಂದವಡದಿಂದ ಯೇವಲೆ ದೂರವಿಲ್ಲ. 1935ರ ಅಕ್ಟೋಬರ್ 13ರಂದು ಅಂಬೇಡ್ಕರರು ತಾನು ಹಿಂದುವಾಗಿ ಸಾಯುವುದಿಲ್ಲ ಎಂದು ಸಾರಿದ್ದು ಆ ಊರಲ್ಲಿ. ಅವರ ಸೂಟನ್ನು ಯಾರೂ ಮರೆಯುವಂತಿಲ್ಲ. ಹಳ್ಳಿ ಹಳ್ಳಿಯ ಪ್ರತಿಮೆಯಲ್ಲಿಯೂ ಆ ನೀಲಿ ಕೋಟು ಇದೆ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಅವರು ದಲಿತ ಹೆಣ್ಣುಮಕ್ಕಳಿಗೆ, ಜಾತಿಯ ಗುರುತು ಹೇಳುವ ಉಡುಗೆ-ತೊಡುಗೆ ಬಿಡಿ, ಮೇಲಿನವರಂತೆಯೇ ಸೀರೆ ಉಡಿ ಎಂದು ಹೇಳಿದರು. ಯಾರಿಗೆ ಎಂಥ ಬಟ್ಟೆ ಎಂದು ಸಾವಿರ ವರ್ಷ ಬೇರೆಯವರೇ ಗೊತ್ತುಮಾಡಿದ್ದರೋ ಅವರಿಗೆ ತಾಳೆಯಾದ ಸೂಟು ಶೋಕಿಯಲ್ಲ, ಅದೊಂದು ಉತ್ತರ. ಗಾಂಧೀಜಿ 1921ರಲ್ಲಿ ಮಧುರೆಯಲ್ಲಿ ತುಂಡುಪಂಚೆಗೆ ಇಳಿದದ್ದೂ ಉತ್ತರವೇ. ಆದರೆ ಬಿಡುವುದಕ್ಕೆ ಅವರ ಬಳಿ ಏನೋ ಇತ್ತು. ಇಲ್ಲದವನಿಗೆ ‘ನೀನು ಇದ್ದ ಹಾಗೇ ಚೆಂದ’ ಎಂದು ಹೇಳುವುದರಲ್ಲಿ ಒಂದು ಸಣ್ಣ ಮೋಸವಿದೆ. ಹೇಳುವವನು ಸಾಮಾನ್ಯವಾಗಿ ಇಸ್ತ್ರಿ ಅಂಗಿಯಲ್ಲಿರುತ್ತಾನೆ.

ಹಾಗಾಗಿ ನನ್ನ ತಕರಾರು ತೊಡುವವನ ಮೇಲಲ್ಲ, ನೋಡುವವನ ಮೇಲೆ. ಗಾದೆ ತೊಡುವವನಿಗೆ ಕರ್ತವ್ಯ ಹೇಳಿತು. ನೋಡುವವನಿಗೆ ಏನೂ ಹೇಳದೆ ಬಿಟ್ಟಿತು. ಪರರ ಇಚ್ಛೆಗೆ ನಾನು ಬಟ್ಟೆ ತೊಡಬೇಕಾದರೆ, ಆ ಪರರು ತಮ್ಮ ಇಚ್ಛೆಗೆ ಕಾರಣ ಕೊಡಬೇಕಲ್ಲ? ಕಣ್ಣಿಗೆ ಹಿತವಿಲ್ಲ ಎನ್ನುವುದು ಕಾರಣ, ಒಪ್ಪುತ್ತೇನೆ. ನನ್ನ ಹೆಂಡತಿ ದಿನಾ ಹೇಳುತ್ತಾಳೆ, ನಾನು ಅಂಗಿ ಬದಲಿಸುತ್ತೇನೆ. ‘ನಿನ್ನನ್ನು ನಂಬಲಾಗದು’ ಎನ್ನುವುದು ಕಣ್ಣಿನ ಕಾರಣವಲ್ಲ.

ನಮ್ಮಲ್ಲಿ ಕೌದಿ ಇದೆ, ಮರಾಠಿಯಲ್ಲಿ ಗೋಧಡಿ. ಮನೆಯವರೆಲ್ಲರ ಹಳೆಯ ಸೀರೆ, ಧೋತರ, ಅಂಗಿ, ಲಂಗದ ತುಂಡು ಕೂಡಿಸಿ ಹೊಲಿದದ್ದು. ಅದರಲ್ಲಿ ಪಟ್ಟೆಯ ಪಕ್ಕ ಚೌಕಳಿ, ಚೌಕಳಿಯ ಪಕ್ಕ ಹೂವು. ಕೌದಿ ನೋಡಿ ಯಾರೂ ತಾಳೆ ಕೇಳುವುದಿಲ್ಲ. ಅಲ್ಲಿ ಕೇಳುವ ಪ್ರಶ್ನೆ ಒಂದೇ, ಬೆಚ್ಚಗಿದೆಯೇ ಎಂದು. ಈಗೀಗ ದೊಡ್ಡ ಊರುಗಳಲ್ಲಿ ಅಂಥ ತೇಪೆಯ ಕೋಟು, ಜಾಕೀಟುಗಳನ್ನು ದುಬಾರಿ ಬೆಲೆಗೆ ಮಾರುತ್ತಾರೆ. ಹುಡುಗರು ತೊಡುತ್ತಾರೆ, ಚೆನ್ನಾಗಿಯೇ ಕಾಣುತ್ತಾರೆ. ಬಡತನವನ್ನು ಅಣಕಿಸುತ್ತಾರೆ ಎಂದು ಬೈಯುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಡ್ಯೂಕನಿಗೆ ಸಿಕ್ಕ ಸ್ವಾತಂತ್ರ್ಯ ಪುಣೆಯ ಕಾಲೇಜು ಹುಡುಗನಿಗೂ ಸಿಕ್ಕಿತಲ್ಲ, ಒಳ್ಳೆಯದೇ ಆಯಿತು. ಇನ್ನೂ ಕೌಂಟರಿನ ತನಕ ಅದು ಬರಬೇಕು.

ಚಾಂದವಡ ಬಿಡುವ ವರ್ಷ ನಮ್ಮ ಶಾಖೆಯ ಜವಾನರ ಮಗಳ ಮದುವೆಯಾಯಿತು. ಎಲ್ಲರೂ ಅವರನ್ನು ‘ಮಾಮಾ’ ಎನ್ನುತ್ತಿದ್ದೆವು. ಮಾಮಾ ನನಗೆ ಹಳದಿ-ಹಸಿರು ದೊಡ್ಡ ಚೌಕಳಿಯ ಅಂಗಿ ಬಟ್ಟೆ ಆಹೇರು ಮಾಡಿದರು. ಹೊಲಿಸಿದೆ. ಅದಕ್ಕೆ ತಾಳೆಯಾಗುವ ಪ್ಯಾಂಟು ಭೂಮಿಯ ಮೇಲೆ ಇದ್ದಂತಿಲ್ಲ. ಗೆರೆಯ ಪ್ಯಾಂಟಿನ ಮೇಲೆ ಅದನ್ನೇ ತೊಟ್ಟು ಒಮ್ಮೆ ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂತ ನಮ್ಮ ಕಾಕಾ ಮೇಲಿಂದ ಕೆಳಗೆ ನೋಡಿದರು. “ಇದೇನ್ ವೇಷಲೇ ತಮ್ಮಾ?” ಎಂದರು. ಆಮೇಲೆ ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿ, “ಅರಿವಿ ಛಲೋ ಐತಿ. ಯಾರ ಮದಿವ್ಯಾಗ ಬಂತು?” ಎಂದು ಕೇಳಿದರು.